ಹಳೆಯ ದೋಣಿ ಕೊಳ್ಳುವ ಮುನ್ನ ತಳದ ಕೋನ ನೋಡಿ

ಹಳೆಯ ಫೈಬರ್‌ಗ್ಲಾಸ್ ಮೋಟಾರು ದೋಣಿ ಅಲೆಯಲ್ಲಿ ಎಷ್ಟು ಎತ್ತಿಹಾಕುತ್ತದೆ ಎಂಬುದನ್ನು ಅದು ಟ್ರೇಲರ್ ಮೇಲಿರುವಾಗಲೇ ಅಂದಾಜು ಮಾಡಬಹುದು. ಹಿಂತುದಿಯ ಹತ್ತಿರ, ನಡುವಿನ ಏಣಿನಿಂದ ಹೊರ ಅಂಚಿನ ಕಡೆಗೆ ಮೊಬೈಲನ್ನು ತಳಕ್ಕೆ ಅಡ್ಡಲಾಗಿ ಒತ್ತಿಹಿಡಿದು ಲೆವೆಲ್ ಆ್ಯಪ್‌ನಲ್ಲಿ ಕೋನ ನೋಡಿ. ಎಡಬಲ ಎರಡೂ ಕಡೆ ಅಳೆದು ಸರಾಸರಿ ತೆಗೆದರೆ ಟ್ರೇಲರ್ ಪಕ್ಕಕ್ಕೆ ವಾಲಿದ್ದರೂ ಲೆಕ್ಕ ತಪ್ಪುವುದಿಲ್ಲ. 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ವಿ ಆಕಾರದ ತಳ ಅಲೆಯನ್ನು ಸೀಳಿಕೊಂಡು ಹೋಗುತ್ತದೆ. 15ಕ್ಕಿಂತ ಕಡಿಮೆಯಾದರೆ ನೀರಿಗೆ ಅಂಗೈ ಬಡಿದಂತೆ ಅಪ್ಪಳಿಸುತ್ತದೆ, ಅದು ನೇರವಾಗಿ ಸೊಂಟಕ್ಕೆ ಗೊತ್ತಾಗುತ್ತದೆ. 1960–70ರ ದಶಕಗಳ ಅಮೆರಿಕದ ಟ್ರೈ-ಹಲ್ (ತಳದಲ್ಲಿ ಅಕ್ಕಪಕ್ಕ ಮೂರು ಏಣುಗಳಿರುವ) ದೋಣಿಗಳಿಗೆ ಈ ಅಳತೆ ಹೊಂದದು: ಜಾಗ ವಿಶಾಲ, ನಿಂತಾಗ ಸ್ಥಿರ, ಆದರೆ ಅಲೆಯಲ್ಲಿ ಕುಲುಕಾಟ ಜೋರು. ಉದ್ದ ಕೊಳವೆಗಳ ಮೇಲೆ ತೇಲುವ ಪಾಂಟೂನ್‌ ದೋಣಿಗಳ ಲೆಕ್ಕವೇ ಬೇರೆ. ಇನ್ನು ವಿ ತಳದಲ್ಲಿ ಕೋನ ಹೆಚ್ಚಾದಷ್ಟೂ ನಿಂತ ದೋಣಿ ಓಲಾಡುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ. ಸಣ್ಣ, ಶಾಂತ ಸರೋವರದಲ್ಲಿ ಮಕ್ಕಳೊಂದಿಗೆ ಗಾಳ ಹಾಕುವವರಾದರೆ ನನ್ನ ಮತ ಚಪ್ಪಟೆ ತಳಕ್ಕೇ. ನೀರಿಗಿಳಿಸಿ ಓಡಿಸಿ ನೋಡುವಾಗ ಹಿಂದಿನ ಮೆತ್ತನೆಯ ಸೀಟು ಬಿಟ್ಟು ಮೂತಿಯ ಕಡೆ ಕುಳಿತುಕೊಳ್ಳಿ, ಪೆಟ್ಟು ಹೆಚ್ಚು ಬೀಳುವುದು ಅಲ್ಲಿಯೇ.