ಸೀಸ ಬಿಟ್ಟು ಬೋರ್ಡ್ ಮಾಡಿದ್ದು: ನಮ್ಮ ಶಿರಸಿ ಘಟಕದ ಅನುಭವ

ಶಿರಸಿಯಲ್ಲಿ ನಮ್ಮದು ಚಿಕ್ಕ ಘಟಕ. ಅಡಿಕೆ ಡ್ರೈಯರ್‌ಗೆ ಹಾಕುವ ಕಂಟ್ರೋಲರ್ ಮಾಡುತ್ತೇವೆ. ಕೊಯ್ಲಿನ ಹೊತ್ತಿಗೆ ಮೋಡ ಮುಚ್ಚಿಕೊಂಡರೆ ಅಂಗಳದಲ್ಲಿ ಅಡಿಕೆ ಒಣಗುವುದಿಲ್ಲ, ಹಾಗಾಗಿ ಇಲ್ಲಿ ಇದಕ್ಕೆ ಕೆಲಸ ಇದ್ದೇ ಇದೆ. ಇದೇ ಕಂಟ್ರೋಲರನ್ನು ಹಣ್ಣು ಒಣಗಿಸುವ ಯಂತ್ರಕ್ಕೆ ಹಾಕಿ ಯುರೋಪಿಗೆ ಕಳಿಸುವ ಗ್ರಾಹಕರೊಬ್ಬರು ರೋಹ್ಸ್ ದಾಖಲೆ ಕೇಳಿದರು. ವಿದ್ಯುತ್ ಉಪಕರಣಗಳಲ್ಲಿ ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕುವ ಯುರೋಪಿನ ನಿಯಮ ಅದು. ಚಿಕ್ಕ ಘಟಕಗಳವರು ಈ ಹೆಸರು ಕೇಳಿದ ಕೂಡಲೇ ಹಿಂದೆ ಸರಿಯುತ್ತಾರೆ. ಸರಿಯಬೇಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಯಮ ಇಷ್ಟೇ. ಸೀಸ, ಪಾದರಸ, ಷಡ್ವೇಲೆನ್ಸಿಯ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ), ಪಿಬಿಬಿ ಮತ್ತು ಪಿಬಿಡಿಇ ಎಂಬ ಬ್ರೋಮಿನ್ ರಾಸಾಯನಿಕಗಳು ತೂಕದಲ್ಲಿ ಶೇ. 0.1 ದಾಟಬಾರದು. ಕ್ಯಾಡ್ಮಿಯಂ ಶೇ. 0.01 ದಾಟಬಾರದು. ಯುರೋಪಿನಲ್ಲಿ ಇದು 2006ರ ಜುಲೈ 1ರಿಂದ ಇದೆ, ಈಗ ನಡೆಯುತ್ತಿರುವುದು 2011/65 ನಿರ್ದೇಶನ. ಪ್ಲಾಸ್ಟಿಕ್ ಮೆದುವಾಗಿಸಲು ಬೆರೆಸುವ ನಾಲ್ಕು ಥಾಲೇಟ್‌ಗಳನ್ನು ಆಮೇಲೆ ಪಟ್ಟಿಗೆ ಸೇರಿಸಿದರು. ನಮ್ಮ ದೇಶದ ಇ-ತ್ಯಾಜ್ಯ ನಿಯಮದಲ್ಲೂ ಮೊದಲಿನ ಆರು ವಸ್ತುಗಳಿಗೆ ಇದೇ ಮಿತಿ. 2022ರ ನಿಯಮದಲ್ಲಿ ಸೂಕ್ಷ್ಮ ಉದ್ದಿಮೆಗಳಿಗೆ ವಿನಾಯಿತಿ ಇದೆ. ಆದರೆ ಯುರೋಪಿಗೆ ಹೋಗುವ ಮಾಲಿಗೆ ಘಟಕ ಚಿಕ್ಕದು ಅಂತ ಯಾರೂ ಬಿಡುವುದಿಲ್ಲ.

ಎಲ್ಲರೂ ಎಡವುವ ಜಾಗ ಒಂದಿದೆ. ಮಿತಿ ಇರುವುದು ಇಡೀ ಪೆಟ್ಟಿಗೆಯ ತೂಕಕ್ಕಲ್ಲ, ಅದರೊಳಗಿನ ಒಂದೊಂದು ಏಕರೂಪದ ವಸ್ತುವಿಗೆ. ಒಂದು ಸ್ಕ್ರೂ ತಗೊಳ್ಳಿ: ಒಳಗಿನ ಉಕ್ಕು ಒಂದು ವಸ್ತು, ಮೇಲಿನ ಲೇಪ ಇನ್ನೊಂದು. ವೈರ್‌ನಲ್ಲಿ ತಾಮ್ರ ಬೇರೆ, ಸಿಪ್ಪೆ ಬೇರೆ. ಎರಡು ಕಿಲೋ ಪೆಟ್ಟಿಗೆಯಲ್ಲಿ ಚಿಟಿಕೆ ಕ್ಯಾಡ್ಮಿಯಂ ಇದ್ದರೆ ಏನಾಯ್ತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಾಗಾಗಿ ನಾನು ಕಂಟ್ರೋಲರ್ ಒಂದನ್ನು ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತೆ. ಮೊದಲು ಸಿಕ್ಕಿದ್ದು ಎಲ್‌ಡಿಆರ್, ಅಂದರೆ ಬೆಳಕು ಎಷ್ಟಿದೆ ಅಂತ ಗುರುತಿಸುವ ಬಿಡಿಭಾಗ. ರಾತ್ರಿ ಡಿಸ್‌ಪ್ಲೇ ಬೆಳಕು ತಗ್ಗಿಸಲು ಹಾಕುತ್ತಿದ್ದ, ಐದು ಮಿಲಿಮೀಟರಿನ ಪುಟ್ಟ ಬಿಲ್ಲೆ. ಅದರ ಮುಖದ ಮೇಲೆ ಅಂಕುಡೊಂಕಾಗಿ ಹರಿಯುವ ಗೆರೆಯೇ ಕ್ಯಾಡ್ಮಿಯಂ ಸಲ್ಫೈಡ್. ಮಿತಿಯ ಮಾತೇ ಇಲ್ಲ, ಆ ಪದರವೇ ಕ್ಯಾಡ್ಮಿಯಂನದ್ದು. ತೆಗೆದು ಸಿಲಿಕಾನ್ ಫೋಟೋಟ್ರಾನ್ಸಿಸ್ಟರ್ ಹಾಕಿದೆವು. ಒಂದು ರೆಸಿಸ್ಟರಿನ ಓಮ್ ಮೌಲ್ಯ ಬದಲಿಸಿದರೆ ಸಾಕಾಯ್ತು.

ಎರಡನೆಯದು ಹೀಟರ್ ಚಾಲೂ ಮಾಡುವ ರಿಲೇ. ಹಳೆಯ ಮಾದರಿಗಳಲ್ಲಿ ಕಾಂಟ್ಯಾಕ್ಟ್ ಬೆಳ್ಳಿ ಮತ್ತು ಕ್ಯಾಡ್ಮಿಯಂ ಆಕ್ಸೈಡಿನದ್ದು. ಈಗ ಬೆಳ್ಳಿ-ತವರ ಆಕ್ಸೈಡಿನದ್ದು ಸುಲಭವಾಗಿ ಸಿಗುತ್ತದೆ, ಡೇಟಾಶೀಟಿನಲ್ಲಿ ಕಾಂಟ್ಯಾಕ್ಟ್ ಯಾವುದರದ್ದು ಅಂತ ಬರೆದಿರುತ್ತದೆ, ನೋಡಿ ತಗೊಂಡರಾಯ್ತು.

ಸ್ಕ್ರೂ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಹಳದಿ ಕಾಮನಬಿಲ್ಲಿನಂತೆ ಹೊಳೆಯುವ ಸತುವಿನ ಲೇಪದ ಸ್ಕ್ರೂಗಳಲ್ಲಿ ಷಡ್ವೇಲೆನ್ಸಿಯ ಕ್ರೋಮಿಯಂ ಇರುವ ಸಾಧ್ಯತೆ ಹೆಚ್ಚು. ಆದರೆ ತುಕ್ಕು ತಡೆಯುವುದರಲ್ಲಿ ಅದು ಗಟ್ಟಿ. ನಮ್ಮ ಪೆಟ್ಟಿಗೆಗಳು ಕಾರವಾರ, ಕುಮಟಾ ಕಡೆಗೂ ಹೋಗುತ್ತವೆ. ಉಪ್ಪುಗಾಳಿಗೆ ಸಾದಾ ಲೇಪ ತಡೆಯುವುದಿಲ್ಲ, ಅಲ್ವಾ? ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿದೆವು. ಅದರಲ್ಲೂ ಕ್ರೋಮಿಯಂ ಇದೆ, ಆದರೆ ಲೋಹದ ರೂಪದಲ್ಲಿ. ನಿಯಮ ತಡೆಯುವುದು ಅದನ್ನಲ್ಲ. ಖರ್ಚು ಹೆಚ್ಚಾಯ್ತು, ಕೊಡಬೇಕಾದದ್ದೇ.

ದೊಡ್ಡ ಬದಲಾವಣೆ ಸೋಲ್ಡರಿಂಗ್‌ನದ್ದು, ಅಂದರೆ ಬಿಡಿಭಾಗಗಳನ್ನು ಬೋರ್ಡಿಗೆ ಬೆಸೆಯುವುದರದ್ದು. ಹಳೆಯ ಸೋಲ್ಡರ್ ತಂತಿಯಲ್ಲಿ ತವರ ಶೇ. 63, ಸೀಸ ಶೇ. 37. ಕರಗುವುದು 183 ಡಿಗ್ರಿಗೆ. ಹೊಸದರಲ್ಲಿ ತವರ 96.5, ಬೆಳ್ಳಿ 3, ತಾಮ್ರ 0.5. ಕರಗಲು ಸುಮಾರು 217 ಡಿಗ್ರಿ ಬೇಕು. ಹರಿಯುವುದೂ ನಿಧಾನ, ಐರನ್ನಿನ ತುದಿಯೂ ಬೇಗ ಸವೆಯುತ್ತದೆ. ನಮ್ಮಲ್ಲಿ ಸೋಲ್ಡರ್ ಮಾಡುವ ಅಕ್ಕಂದಿರ ಕಣ್ಣು ಫಳಫಳ ಹೊಳೆಯುವ ಜಾಯಿಂಟಿಗೆ ಪಳಗಿತ್ತು. ಸೀಸವಿಲ್ಲದ ಒಳ್ಳೆಯ ಜಾಯಿಂಟೂ ಸ್ವಲ್ಪ ಮಂಕಾಗಿಯೇ ಕಾಣುತ್ತದೆ. ಅವರು ಅದನ್ನು ಕೆಟ್ಟಿದೆ ಅಂದುಕೊಂಡು ಮತ್ತೆ ಮತ್ತೆ ಕಾಯಿಸುತ್ತಿದ್ದರು, ಬೋರ್ಡಿನ ತಾಮ್ರದ ಪ್ಯಾಡ್ ಕಿತ್ತು ಏಳುತ್ತಿತ್ತು. ಹೊಳಪು ನೋಡಬೇಡಿ, ಬಿಡಿಭಾಗದ ಕಾಲಿನ ಸುತ್ತ ಸೋಲ್ಡರ್ ಇಳಿಜಾರಾಗಿ ಹತ್ತಿಕೊಂಡಿದೆಯಾ ನೋಡಿ ಅಂತ ಭೂತಗನ್ನಡಿ ಕೊಟ್ಟು ಜೊತೆಗೆ ಕೂತು ತೋರಿಸಿದ ಮೇಲೆ ಕೈ ಕೂತಿತು.

ಹಳೆಯ ಐರನ್, ಸೋಲ್ಡರ್ ಹೀರುವ ಸಕ್ಕರ್, ಸ್ಪಂಜು ಯಾವುದನ್ನೂ ಹೊಸ ಮೇಜಿಗೆ ತರಲಿಲ್ಲ. ತುದಿಯಲ್ಲಿ ಅಂಟಿಕೊಂಡ ಹಳೆ ಸೀಸವೇ ಒಂದು ಜಾಯಿಂಟನ್ನು ಮಿತಿ ದಾಟಿಸಬಹುದು. ರಿಪೇರಿಗೆ ಬರುವ ಹಳೆಯ ಬೋರ್ಡುಗಳಿಗೆ ಬೇರೆ ಕೋಣೆ, ಕೆಂಪು ಟೇಪು ಸುತ್ತಿದ ಸಾಮಾನು. ಅಲ್ಲಿ ಕೆಲಸ ಮಾಡಿದವರು ಕೈ ತೊಳೆಯದೆ ಚಹಾ ಕುಡಿಯುವ ಹಾಗಿಲ್ಲ. ಸೋಲ್ಡರ್ ಮಾಡುವ ಶಾಖಕ್ಕೆ ಸೀಸ ಆವಿಯಾಗುವುದಿಲ್ಲ, ಅದು ಒಳಗೆ ಹೋಗುವುದು ಹೆಚ್ಚಾಗಿ ಕೈಯಿಂದ ಬಾಯಿಗೆ. ಹೊಗೆ, ಸೋಲ್ಡರ್ ಚೆನ್ನಾಗಿ ಹತ್ತಿಕೊಳ್ಳಲು ಬಳಸುವ ಫ್ಲಕ್ಸ್‌ನದ್ದು, ಅದಕ್ಕೆ ಎರಡೂ ಕಡೆ ಫ್ಯಾನ್ ಬೇಕು.

ಲ್ಯಾಬಿಗೆ ಕಳಿಸುವಾಗ ಎಲ್ಲವನ್ನೂ ಸುಮ್ನೆ ಕಳಿಸಬೇಡಿ, ದುಡ್ಡು ದಂಡ. ಅನುಮಾನ ಇರುವುದನ್ನು ಮಾತ್ರ ಕಳಿಸಿ. ಎಕ್ಸ್-ಕಿರಣ ಹಾಯಿಸಿ ಯಾವ ಧಾತು ಎಷ್ಟಿದೆ ಅಂತ ನೋಡುವ ಎಕ್ಸ್‌ಆರ್‌ಎಫ್ ಯಂತ್ರ ಒಟ್ಟು ಬ್ರೋಮಿನ್ ಎಷ್ಟು, ಒಟ್ಟು ಕ್ರೋಮಿಯಂ ಎಷ್ಟು ಅಂತಷ್ಟೇ ಹೇಳುತ್ತದೆ, ಯಾವ ರೂಪದ್ದು ಅಂತ ಹೇಳುವುದಿಲ್ಲ. ನಮ್ಮ ಬೋರ್ಡಿನಲ್ಲಿ ಬ್ರೋಮಿನ್ ಜೋರಾಗಿಯೇ ಬಂತು. ಸಾಮಾನ್ಯ ಎಫ್‌ಆರ್-4 ಬೋರ್ಡಿಗೆ ಬೆಂಕಿ ಹತ್ತದಂತೆ ಬೆರೆಸುವ ಟಿಬಿಬಿಪಿಎಯಿಂದ ಹಾಗೆ ಬರುತ್ತದೆ, ಅದು ನಿಷೇಧದ ಪಟ್ಟಿಯಲ್ಲಿಲ್ಲ. ರಾಸಾಯನಿಕ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಂಡೆವು. ಹಿತ್ತಾಳೆಯ ಟರ್ಮಿನಲ್‌ನಲ್ಲಿ ಸೀಸ ಕಂಡಿತು. ತಾಮ್ರದ ಮಿಶ್ರಲೋಹಕ್ಕೆ ಶೇ. 4ರವರೆಗೆ ವಿನಾಯಿತಿ ಇದೆ. ವಿನಾಯಿತಿಗಳಿಗೂ ಅವಧಿ ಇರುತ್ತದೆ, ಆಗಾಗ ನೋಡುತ್ತಿರಬೇಕು.

ಇನ್ನು ಕಾಗದ. ಪೊಟ್ಟಣದ ಮೇಲಿನ ಹಸಿರು ಸ್ಟಿಕ್ಕರ್ ನಂಬಿ ಕೂರಬೇಡಿ. ಸರಬರಾಜುದಾರರಿಂದ ಪಾರ್ಟ್ ನಂಬರ್ ಸಮೇತ ಘೋಷಣಾ ಪತ್ರ ತರಿಸಿ, ಅದರಲ್ಲಿ ಥಾಲೇಟ್ ಸೇರಿಸಿದ 2015/863 ತಿದ್ದುಪಡಿಯ ಹೆಸರಿದೆಯಾ ನೋಡಿ. ಇಲ್ಲದಿದ್ದರೆ ಅದು ಆರೇ ವಸ್ತುಗಳ ಹಳೆಯ ಪತ್ರ, ಥಾಲೇಟ್ ಲೆಕ್ಕಕ್ಕೇ ಬಂದಿಲ್ಲ. ನಮ್ಮ ಸೆನ್ಸರಿನ ಮೆದು ಪಿವಿಸಿ ವೈರಿಗೆ ಅಂಥ ಪತ್ರ ಸಿಗಲೇ ಇಲ್ಲ, ಸಿಲಿಕೋನ್ ವೈರಿಗೆ ಹೋದೆವು. ಡ್ರೈಯರ್ ಶಾಖಕ್ಕೂ ಅದೇ ಒಳ್ಳೆಯದು. ಈ ಪತ್ರಗಳನ್ನೆಲ್ಲ ಹತ್ತು ವರ್ಷ ಇಟ್ಟುಕೊಳ್ಳಬೇಕು.

ಊರಿನ ಗ್ರಾಹಕರಿಗೆ ಹಳೆಯದನ್ನೇ ಕೊಡಬಹುದಲ್ಲ ಅಂತ ಕೆಲವರು ಕೇಳಿದರು. ಕೊಡುತ್ತಿಲ್ಲ. ಹಾಳಾದ ಬೋರ್ಡು ಗುಜರಿಗೆ ಹೋಗಿ, ಯಾರೋ ಅದನ್ನು ಸುಟ್ಟು ತಾಮ್ರ ತೆಗೆಯುವುದು ನಮ್ಮ ಊರಲ್ಲೇ. ಈಗ ಖರೀದಿ ಆರ್ಡರ್‌ನಲ್ಲೇ ಒಂದು ಸಾಲು ಬರೆಯುತ್ತೇವೆ: ನಮ್ಮನ್ನು ಕೇಳದೆ ಬದಲಿ ಪಾರ್ಟ್ ಕಳಿಸಬಾರದು, ಕಳಿಸಿದರೆ ಮಾಲು ವಾಪಸ್.