ಮುಂಗಡ ಕೊಡುವ ಮುನ್ನ

ಮನೆ ಕೊಳ್ಳುವಾಗ “ಇನ್ನೂ ಮೂವರು ಕಾದಿದ್ದಾರೆ, ಇವತ್ತೇ ಹೇಳಿ” ಎಂದು ದಲ್ಲಾಳಿ ಅವಸರಪಡಿಸಿದರೆ ಗಾಬರಿಯಾಗಬೇಡಿ. ಪೈಪೋಟಿ ನಿಜವೇ ಇರಬಹುದು; ಆದರೆ ಅದಕ್ಕೆ ಸಿದ್ಧತೆ ಮನೆ ನೋಡಲು ಹೊರಡುವ ಮೊದಲೇ ಆಗಿರಬೇಕು. ಸಾಲಕ್ಕೆ ಬ್ಯಾಂಕಿನ ಪೂರ್ವಾನುಮೋದನೆ ಪಡೆದಿಟ್ಟುಕೊಳ್ಳಿ. ಹಾಗೆಂದು ಬ್ಯಾಂಕ್ ಕೊಡುವಷ್ಟೂ ನಿಮ್ಮ ಮಿತಿಯಲ್ಲ. ನೋಂದಣಿ ಶುಲ್ಕ, ತೆರಿಗೆ, ರಿಪೇರಿಯ ಖರ್ಚು ಕಳೆದು ಉಳಿಯುವ ಮೊತ್ತವನ್ನು ಕಾಗದದಲ್ಲಿ ಬರೆದಿಡಿ. ಚೌಕಾಸಿಯ ಬಿಸಿಯಲ್ಲಿ ಆ ಅಂಕಿಯನ್ನು ತಿದ್ದಬೇಡಿ. ಮನೆಯನ್ನು ಎರಡು ಬಾರಿ ನೋಡಿ, ಒಮ್ಮೆ ರಾತ್ರಿ. ಹೊಸ ಬಣ್ಣದ ವಾಸನೆ ಬರುವ ಗೋಡೆಯನ್ನು ನಾನಂತೂ ಮುಟ್ಟಿ ನೋಡದೆ ಬಿಡುವುದಿಲ್ಲ, ತೇವ ಅಡಗಿರುವುದು ಹೆಚ್ಚಾಗಿ ಅಲ್ಲೇ. ಆಸ್ತಿಯ ದಾಖಲೆಗಳನ್ನು ಮಾರುವವರ ವಕೀಲರಲ್ಲ, ನಿಮ್ಮ ವಕೀಲರೇ ಪರಿಶೀಲಿಸಲಿ. ಸಾಲ ಮಂಜೂರಾಗದಿದ್ದರೆ ಮುಂಗಡ ಹಿಂದಿರುಗಿಸಬೇಕು ಎಂಬ ಷರತ್ತನ್ನು ಕರಾರುಪತ್ರದಲ್ಲೇ ಬರೆಸಿಕೊಳ್ಳಿ.