ಫ್ಲ್ಯಾಶ್ ಮಿಂಚದಿದ್ದಾಗ ನಾನು ನೋಡುವ ಕ್ರಮ

ಕ್ಯಾಮೆರಾದ ಮೇಲೆ ಕೂರಿಸಿದ ಫ್ಲ್ಯಾಶ್ ಮಿಂಚದಿದ್ದರೆ ನನ್ನ ಕೈ ಮೊದಲು ಹೋಗುವುದು ಅದರ ಹಿಂಬದಿಯ ಟೆಸ್ಟ್ ಬಟನ್ನಿಗೆ. ಒತ್ತಿದಾಗ ಬೆಳಕು ಬಂತೋ, ಫ್ಲ್ಯಾಶ್ ಜೀವಂತ ಇದೆ. ತೊಂದರೆ ಇರುವುದು ಅದು ಕ್ಯಾಮೆರಾಕ್ಕೆ ತಾಗುವ ಜಾಗದಲ್ಲಿ, ಇಲ್ಲವೇ ಸೆಟ್ಟಿಂಗಿನಲ್ಲಿ.

ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಮದುವೆ. ಧಾರೆಗೆ ಸ್ವಲ್ಪವೇ ಹೊತ್ತಿರುವಾಗ ಫ್ಲ್ಯಾಶ್ ನಿಂತಿತು. "ಅಣ್ಣಾ, ಕಾರಿನಿಂದ ಇನ್ನೊಂದು ತರುವುದಾ?" ಎಂದ ಜೊತೆಗಿದ್ದ ಹುಡುಗ. ಅವನನ್ನು ಕಳಿಸಿ ಟೆಸ್ಟ್ ಬಟನ್ ಒತ್ತಿದೆ, ಬೆಳಕು ಬಂತು. ಆಫ್ ಮಾಡಿ ಕಳಚಿ ನೋಡಿದರೆ ಬುಡದ ಪಿನ್ನುಗಳ ಮೇಲೆ ಮಂಕು ಪದರ. ಒಣಬಟ್ಟೆಯಲ್ಲಿ ಉಜ್ಜಿ, ಹಾಟ್ ಶೂವಿನೊಳಗೆ, ಅಂದರೆ ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಕೂರುವ ಗಾಡಿಯೊಳಗೆ, ಕೊನೆಯವರೆಗೂ ತಳ್ಳಿ ಲಾಕ್ ಬಿಗಿದೆ. ಹುಡುಗ ಮರಳುವ ಮೊದಲೇ ಮಿಂಚಿತು.

ಕಾಸರಗೋಡಿನಲ್ಲಿ ಇದು ಮತ್ತೆ ಮತ್ತೆ ಆಗುವಂಥದ್ದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿದ ಮಳೆ, ಅದರ ಮೇಲೆ ಕಡಲಿನ ಉಪ್ಪುಗಾಳಿ. ಮಳೆಗಾಲದಲ್ಲಿ ಚೀಲದಲ್ಲೇ ಬಿದ್ದಿರುವ ಲೋಹಕ್ಕೆ ಕಿಲುಬು ಹಿಡಿಯದೆ ಇರುವುದಿಲ್ಲ. ಮನೆಯಲ್ಲಿ ನಾನು ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ಅದ್ದಿ ಪಿನ್ನು, ಶೂ ಎರಡನ್ನೂ ಒರೆಸುತ್ತೇನೆ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ, ಬ್ಯಾಟರಿ ತೆಗೆದೇ.

ಪಿನ್ನು ಸ್ವಚ್ಛವಿದ್ದೂ ಮಿಂಚದಿದ್ದರೆ ಕ್ಯಾಮೆರಾದ ಮಾದರಿಯನ್ನೇ ವಿಚಾರಿಸಬೇಕು. ಶೂವಿನ ನಡುವಿನ ದೊಡ್ಡ ಪಿನ್ನೇ ಎಲ್ಲ ಕಂಪೆನಿಗಳ ಫ್ಲ್ಯಾಶಿಗೂ ಸಾಮಾನ್ಯವಾದ ಕೊಂಡಿ. ಕ್ಯಾನನ್ 200ಡಿ ಮಾರ್ಕ್ 2ರಲ್ಲಿ ಅದು ಇಲ್ಲ. ಬೆಳಕನ್ನು ಕೈಯಾರೆ ಹೊಂದಿಸುವ ಅಗ್ಗದ ಮ್ಯಾನುವಲ್ ಫ್ಲ್ಯಾಶ್ ಅದರ ಮೇಲೆ ಮಿಂಚುವುದಿಲ್ಲ, ಕ್ಯಾನನ್ನಿನ ಟಿಟಿಎಲ್‌ಗೆ (ಕ್ಯಾಮೆರಾವೇ ಬೆಳಕು ಅಳೆದು ಫ್ಲ್ಯಾಶಿಗೆ ಹೇಳುವ ವ್ಯವಸ್ಥೆ) ಹೊಂದುವಂಥದ್ದೇ ಬೇಕು. ಹೊಸಬರು ಕೊಳ್ಳುವ ಮೊದಲೇ ಇದನ್ನು ತಿಳಿದಿರಲಿ ಎಂದು ನನ್ನ ಆಸೆ.

ಇನ್ನು ಸೆಟ್ಟಿಂಗು. ತಾಳಮದ್ದಳೆಯಲ್ಲಿ ಅರ್ಥಧಾರಿಗಳ ಮಾತಿನ ನಡುವೆ ಟಕಟಕ ಕೇಳಬಾರದೆಂದು ಸೈಲೆಂಟ್ ಶಟರ್ ಹಾಕುತ್ತೇವೆ. ಬಹುತೇಕ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಆಗ ಫ್ಲ್ಯಾಶ್ ತಾನಾಗಿ ಬಂದ್. ಮರುದಿನದ ಉಪನಯನಕ್ಕೆ ಸೈಲೆಂಟ್ ಶಟರನ್ನು ಆಫ್ ಮಾಡಲೇಬೇಕು. ಚಿತ್ರದಲ್ಲಿ ಕಪ್ಪು ಪಟ್ಟಿ ಬಂದರೆ ಶಟರ್ ವೇಗ ಸಿಂಕ್ ಮಿತಿಯನ್ನು, ಅಂದರೆ ಫ್ಲ್ಯಾಶಿನ ಜೊತೆ ಹೊಂದುವ ಗರಿಷ್ಠ ವೇಗವನ್ನು, ದಾಟಿದೆ. ನಾನು 1/200 ಸೆಕೆಂಡಿನಿಂದ ಮೇಲೆ ಹೋಗುವುದಿಲ್ಲ.

ಟೆಸ್ಟ್ ಬಟನ್ ಒತ್ತಿದರೂ ಬೆಳಕಿಲ್ಲವೆಂದರೆ ಬ್ಯಾಟರಿ ಬದಲಿಸಿ. ನಾಲ್ಕರಲ್ಲಿ ಒಂದು ಸೋತರೂ ಉಳಿದ ಮೂರು ವ್ಯರ್ಥ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು 1.2 ವೋಲ್ಟಿನವಾದರೂ ಅಲ್ಕಲೈನಿಗಿಂತ ಬೇಗ ಫ್ಲ್ಯಾಶನ್ನು ತುಂಬಿಸುತ್ತವೆ. ನಾನು ನಾಲ್ಕು ನಾಲ್ಕರ ಜೋಡಿಗೆ ಗುರುತು ಹಾಕಿ ಒಟ್ಟಿಗೇ ಚಾರ್ಜ್ ಮಾಡುತ್ತೇನೆ.

ಅದಕ್ಕೂ ಬಗ್ಗದಿದ್ದರೆ ರಿಪೇರಿಯವರ ಕೈಗೆ ಕೊಡಿ. ಸ್ಕ್ರೂ ಬಿಚ್ಚಬೇಡಿ. ಒಳಗೆ ವಿದ್ಯುತ್ ಕೂಡಿಡುವ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ.